ಇಲ್ಲದ ರಾಶಿಯ ಸುತ್ತ

ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೊರಟ ಬಸ್ಸು, ಊರು ಹತ್ತಿರವಾಗುತ್ತಿದ್ದಂತೆ, ಗದ್ದೆಯ ಗಾಳಿಯನ್ನು ಬಿಟ್ಟು ಇನ್ನೊಂದು ಗಾಳಿಗೆ ನುಗ್ಗುತ್ತದೆ. ಅದು ಬೆಂದ ಭತ್ತದ ವಾಸನೆ. ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಒದ್ದೆ ಗೋಣಿಚೀಲದ ಕಮಟು, ಹೊಟ್ಟು ಉರಿದ ಹೊಗೆ, ಎಲ್ಲವೂ ಅದರಲ್ಲಿವೆ. ಕಳೆದ ವಾರ ಆ ವಾಸನೆ ಕಿಟಕಿಯಿಂದ ಒಳಬಂದಾಗ ನನಗೆ ನೆನಪಾದದ್ದು ಅನ್ನವಲ್ಲ, ಮಂಜುಗಡ್ಡೆ. ಇಳಿಯಬೇಕಾದ ಕಡೆಗಿಂತ ಮುಂಚೆಯೇ ಎದ್ದು, ಅಕ್ಕಿ ಗಿರಣಿಯ ಗೇಟಿನ ಮುಂದೆ ಇಳಿದುಬಿಟ್ಟೆ.

ಬೆಂದ ಭತ್ತಕ್ಕೂ ಮಂಜುಗಡ್ಡೆಗೂ ಏನು ಸಂಬಂಧವೆಂದು ಕೇಳುವವರಿಗೆ ನಾನು ಒಂದು ಬೇಸಿಗೆಯ ಕಥೆಯನ್ನೇ ಹೇಳಬೇಕಾಗುತ್ತದೆ.

ನನ್ನ ಚಿಕ್ಕಮ್ಮನ ಮಗಳು ಪಲ್ಲವಿ ಐಸ್ ಹಾಕಿ ಎಂಬ ಆಟ ಆಡುತ್ತಾಳೆ. ಅದು ಅವಳಿಗೆ ಹವ್ಯಾಸವಲ್ಲ, ಉದ್ಯೋಗ. ಮಧ್ಯ ಏಷ್ಯಾದ ಒಂದು ನಗರದ ಮಹಿಳಾ ಕ್ಲಬ್ಬಿನಲ್ಲಿ ಅವಳು ಎಡಬದಿಯ ವಿಂಗರ್. ನೀರು ಹೆಪ್ಪುಗಟ್ಟಿಸಿದ ನೆಲ, ಸುತ್ತಲೂ ಎದೆಯೆತ್ತರದ ಹಲಗೆಗೋಡೆ, ಕಾಲಿಗೆ ಅಲಗಿನ ಬೂಟು, ಕೈಯಲ್ಲಿ ಕೋಲು, ಹೊಡೆಯುವುದಕ್ಕೆ ರಬ್ಬರಿನ ಒಂದು ಬಿಲ್ಲೆ. ವಿಂಗರ್ ಎಂದರೆ ಆ ಗೋಡೆಯಂಚಿನಲ್ಲಿ ಬಿಲ್ಲೆಯನ್ನು ಹೊತ್ತು ಓಡುವವಳು. ಓಡಿ, ಕೊನೆಯಲ್ಲಿ ಅಂಚನ್ನು ಬಿಟ್ಟು ನಡುವಿಗೆ ನುಗ್ಗಿ, ಗೋಲಿನ ಮುಂದೆ ನಿಲ್ಲಬೇಕಾದವಳು. ಈ ಎರಡನೆಯ ವಾಕ್ಯವನ್ನು ಓದುಗರು ನೆನಪಿನಲ್ಲಿಡಬೇಕು. ಆ ಬೇಸಿಗೆಯೆಲ್ಲ ಅದರ ಮೇಲೆಯೇ ನಿಂತಿತ್ತು.

ನರಸೀಪುರದ ಅಕ್ಕಿ ಗಿರಣಿಯ ಕೂಲಿಮನೆಯಲ್ಲಿ ಬೆಳೆದ ಹುಡುಗಿ ಅಲ್ಲಿಗೆ ಹೇಗೆ ತಲುಪಿದಳು? ನನ್ನನ್ನು ಮೊದಲಿನಿಂದಲೂ ಕಾಡಿದ ಪ್ರಶ್ನೆ ಇದು. ಉತ್ತರದ ಮೊದಲ ತುಂಡು ಗಿರಣಿಯ ಹಿಂದಿನ ಸಿಮೆಂಟ್ ಕಣದಲ್ಲಿದೆ. ಹೈಸ್ಕೂಲಿನ ವ್ಯಾಯಾಮದ ಮೇಷ್ಟ್ರು ಶಿವಮಲ್ಲಪ್ಪನವರು ಮೈಸೂರಿನಲ್ಲಿ ಯಾರೋ ಬಿಸುಟ ಚಕ್ರದ ಬೂಟುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಂದರು. ಶಾಲೆಯ ಮೈದಾನ ಮಣ್ಣಿನದು. ಆ ಸೀಮೆಯಲ್ಲಿ ನುಣುಪಾದ ನೆಲವೆಂದರೆ ಗಿರಣಿಯ ಕಣವೊಂದೇ. ಪಲ್ಲವಿ ಅಲ್ಲಿ ಚಕ್ರದ ಮೇಲೆ ನಿಂತಳು, ಬಿದ್ದಳು, ಕೋಲು ಹಿಡಿದಳು. ಚಕ್ರದ ಹಾಕಿಯಲ್ಲಿ ಜಿಲ್ಲೆಗೆ ಆಡಿದಳು, ರಾಜ್ಯಕ್ಕೆ ಆಡಿದಳು. ಒಂದು ಚಳಿಗಾಲ ಲಡಾಖಿನ ಶಿಬಿರಕ್ಕೆ ಹೋಗಿ ಹೆಪ್ಪುಗಟ್ಟಿದ ಕೆರೆಯನ್ನು ಕಂಡಳು. ಮಿಕ್ಕ ಹುಡುಗಿಯರು ಕಿರುಚುತ್ತ ಅದರ ಮೇಲೆ ಓಡಿದರೆ ಇವಳು ಬಗ್ಗಿ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳಂತೆ. ಆ ಶಿಬಿರಕ್ಕೆ ಬಂದಿದ್ದ ಹೊರದೇಶದ ತರಬೇತುದಾರ್ತಿಯೊಬ್ಬಳು ಇವಳ ಓಟ ನೋಡಿ ತನ್ನ ಕ್ಲಬ್ಬಿಗೆ ಒಂದು ಋತುವಿನ ಮಟ್ಟಿಗೆ ಕರೆದುಕೊಂಡಳು.

ನಾನು ಹೇಳುತ್ತಿರುವುದು ಆ ಮೊದಲ ಋತು ಮುಗಿಸಿ ಅವಳು ಊರಿಗೆ ಬಂದ ಬೇಸಿಗೆಯ ಮಾತು. ನಾನು ಎಂ.ಎ. ಪರೀಕ್ಷೆ ಬರೆದು ನಂಜನಗೂಡಿನ ಮನೆಯಲ್ಲಿದ್ದೆ. ಓದಿದ್ದೆಲ್ಲವನ್ನೂ ಯಾರಿಗಾದರೂ ಎದುರಾಗಿ ನಿಂತು ಪ್ರಯೋಗಿಸಬೇಕೆಂಬ ಹಸಿವಿನ ವಯಸ್ಸು. ದಿನವೂ ನರಸೀಪುರದ ಬಸ್ಸು ಹತ್ತುತ್ತಿದ್ದೆ. ಪಲ್ಲವಿಯನ್ನು ಪ್ರಶ್ನೆ ಕೇಳಿ ಸುಸ್ತು ಮಾಡುವುದೇ ನನ್ನ ಉದ್ಯೋಗವಾಗಿತ್ತು. ಮಂಜಿನ ಮೇಲೆ ಬಿದ್ದರೆ ಮೊದಲು ತಣ್ಣಗಾಗುತ್ತದೋ ಮೊದಲು ನೋಯುತ್ತದೋ? ಓಡುವಾಗ ಕಣ್ಣು ಬಿಲ್ಲೆಯ ಮೇಲಿರುತ್ತದೋ ಎದುರಾಳಿಯ ಮೇಲೋ? ಅವಳು ಉತ್ತರಿಸುತ್ತಿದ್ದಳು, ಇಲ್ಲವೇ "ಅಕ್ಕ, ನೀನು ಪಿಎಚ್‌ಡಿ ಮಾಡು, ನನ್ನ ಬುಡು" ಎನ್ನುತ್ತಿದ್ದಳು.

ಊರಿನ ಕುತೂಹಲ ಬೇರೆ ಬಗೆಯದು. ನಮ್ಮ ಕಡೆಯ ಎಷ್ಟೋ ಮಕ್ಕಳು ವೈದ್ಯಕೀಯ ಓದಲು ಅದೇ ಸೀಮೆಗೆ ಹೋಗುತ್ತಾರೆ. ಹಾಗಾಗಿ ಪಲ್ಲವಿಯೂ ಅದಕ್ಕೇ ಹೋಗಿದ್ದಾಳೆಂದು ಎಲ್ಲರೂ ತೀರ್ಮಾನಿಸಿದ್ದರು. ಒಮ್ಮೆ ಬಸ್ಸಿನಲ್ಲಿ ಸುತ್ತೂರಿನ ಬಳಿ ಹತ್ತಿದ ಮುದುಕರೊಬ್ಬರು ಅವಳ ಪಕ್ಕ ಕುಳಿತು, ಯಾವ ದೇಶವೆಂದು ವಿಚಾರಿಸಿ, ಪಂಚೆಯನ್ನು ಮೇಲಕ್ಕೆತ್ತಿ ಕಾಲು ಚಾಚಿದರು.

"ಅಂಗಾರೆ ನೀನೂ ಡಾಕ್ಟ್ರೇ ಬುಡವ್ವ. ಈ ಮಂಡಿ ವಸಿ ನೋಡು."

"ನಾನು ಡಾಕ್ಟ್ರಲ್ಲ ತಾತ. ಆಟ ಆಡೋಳು."

"ಆಟ ಆಡಕ್ಕೆ ಅಷ್ಟು ದೂರ ಓಗ್ಬೇಕಾ? ಇಲ್ಲಿ ಜಾಗ ಇರ್ನಿಲ್ವಾ?"

ಪಲ್ಲವಿ ನಕ್ಕು, ಮಂಡಿಯನ್ನು ಮುಟ್ಟಿ ನೋಡಿ, ಎರಡು ಹೊತ್ತು ಐಸ್ ಇಡಿ ಎಂದಳು. ಮುದುಕರು "ನೋಡು, ಡಾಕ್ಟ್ರೇ" ಎಂದು ಬಸ್ಸಿಗೆಲ್ಲ ಸಾರಿದರು. ನಾನು ಮಾತ್ರ ಅವರ ಪ್ರಶ್ನೆಯನ್ನು ನಂಜನಗೂಡಿನವರೆಗೂ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಇಲ್ಲಿ ಜಾಗ ಇರಲಿಲ್ಲವೇ?

ಅವಳು ಒಳಗೊಳಗೇ ಏನನ್ನೋ ನುಂಗುತ್ತಿದ್ದಾಳೆಂದು ತಿಳಿದದ್ದು ತಾಂಡ್ಯದಲ್ಲಿ. ಮಂಜುಗಡ್ಡೆ ನೋಡದೆ ಕೈಕಾಲು ತುರಿಸುತ್ತಿದೆ ಎಂದಳೆಂದು ಸ್ಕೂಟರಿನಲ್ಲಿ ಅಲ್ಲಿನ ಕೈಗಾರಿಕಾ ಪ್ರದೇಶಕ್ಕೆ ಕರೆದೊಯ್ದೆ. ಮೀನಿನ ಅಂಗಡಿಗಳಿಗೆ ಐಸ್ ಮಾಡುವ ಒಂದು ಸಣ್ಣ ಕಾರ್ಖಾನೆ ಅಲ್ಲಿದೆ. ಗೇಟಿನವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

"ಮೀನಿಗಾ, ಮದ್ವೆ ಜ್ಯೂಸಿಗಾ, ಹೆಣಕ್ಕಾ?"

"ಸುಮ್ನೆ ನೋಡಕ್ಕೆ," ಎಂದಳು ಪಲ್ಲವಿ.

"ಐಸ್ ನೋಡಕ್ಕಾ? ಫಾರಿನ್‌ನೋರು ಅರಮನೆ ನೋಡಕ್ಕೆ ಬತ್ತಾರೆ, ನೀವು ಐಸ್ ನೋಡಕ್ಕೆ ಬಂದಿದ್ದೀರಾ. ಬನ್ನಿ, ಅದೂ ಆಗೋಗ್ಲಿ."

ಒಳಗೆ ಅಮೋನಿಯದ ಘಾಟು ಕಣ್ಣು ಕುಟುಕುತ್ತಿತ್ತು. ತಗಡಿನ ಅಚ್ಚಿನಿಂದ ಕಳಚಿದ ದಿಮ್ಮಿಯೊಂದರ ಮೇಲೆ ಅವಳು ಅಂಗೈಯಿಟ್ಟು, ದನ ಕೊಳ್ಳುವವರು ಬೆನ್ನು ತಡವುವಂತೆ ತಡವಿದಳು. "ಇದು ಆಗಲ್ಲ ಅಕ್ಕ. ಒಳಗೆಲ್ಲಾ ಗಾಳಿ ಸೇರ್ಕೊಂಡದೆ. ಅಲಗು ಇಟ್ರೆ ಸೀಳ್ತದೆ." ಒಳ್ಳೆಯ ಮಂಜು ಹೇಗಿರುತ್ತದೆ ಎಂದೆ. "ಸದ್ದಲ್ಲಿ ಗೊತ್ತಾಯ್ತದೆ. ಹೊಸ ಬಟ್ಟೆನ ಅಳತೆ ಮಾಡಿ ಹರೀತಾರಲ್ಲ ಅಂಗಡೀಲಿ, ಅಂಗೆ." ಅಷ್ಟು ಹೇಳಿ ಅವಳ ಮುಖ ಬದಲಾಯಿತು. ಒಡೆದ ದಿಮ್ಮಿಯ ಮೇಲೆ ಹಾಗೆಯೇ ಕುಳಿತು ವಿಷಯ ಹೇಳಿದಳು.

ಕ್ಲಬ್ಬಿನಲ್ಲಿ ಮುಂದಿನ ಋತುವಿಗೆ ಅವಳಿಗಿನ್ನೂ ಜಾಗ ಸಿಕ್ಕಿರಲಿಲ್ಲ. ತರಬೇತುದಾರ್ತಿ ಒಂದೇ ಒಂದು ದೂರು ಹೇಳಿದ್ದಳು: ನೀನು ಗೋಡೆಯಂಚಿನಲ್ಲಿ ಎಲ್ಲರಿಗಿಂತ ವೇಗವಾಗಿ ಬರುತ್ತೀಯ, ಆದರೆ ನಡುವಿಗೆ ನುಗ್ಗುವುದಿಲ್ಲ. ಗೋಲಿನ ಮುಂದೆ ಬರಬೇಕಾದಾಗಲೆಲ್ಲ ಬಳಸಿಕೊಂಡು ಹಿಂದಕ್ಕೆ ಹೋಗುತ್ತೀಯ. ಮಳೆಗಾಲದ ಕೊನೆಗೆ ನಡೆಯುವ ಶಿಬಿರದಲ್ಲೂ ಹೀಗೆಯೇ ಆದರೆ ನಿನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ.

"ಯಾಕೆ ನುಗ್ಗಲ್ಲ?" ಎಂದೆ.

"ಗೊತ್ತಿದ್ರೆ ನುಗ್ತಿರ್ಲಿಲ್ವಾ? ನಾನು ನಡುಕ್ಕೇ ಓಯ್ತಾ ಇವ್ನಿ ಅಂದ್ಕೋತೀನಿ. ಆಮೇಲೆ ವಿಡಿಯೋ ನೋಡಿದ್ರೆ ಸುತ್ತಾಕೊಂಡು ಓಗಿರ್ತೀನಿ. ಅವ್ಳು, ನಿಂಗೆ ಹೊಡ್ತ ತಿನ್ನೋ ಭಯ ಅಂದ್ಲು. ಅಕ್ಕ, ನಂಗೆ ಭಯ ಅಂತೆ!"

ನಡುವಿನಲ್ಲಿ ಎದುರಾಳಿಗಳು ಗೋಡೆಯಂತೆ ನಿಂತಿರುತ್ತಾರೆ, ಡಿಕ್ಕಿ ಹೊಡೆದು ಬೀಳಿಸುತ್ತಾರೆ ಎಂಬುದು ನಿಜ. ಆದರೆ ಹಲ್ಲು ಮುರಿದುಕೊಂಡ ಮೇಲೂ ಆಟ ಮುಗಿಸಿ ಬಂದವಳು ಪಲ್ಲವಿ. ಭಯ ಎನ್ನುವ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಹಾಗಾದರೆ ಇನ್ನೇನು?

ಇಲ್ಲಿ ಗಿರಣಿಯ ಕಣವನ್ನು ಕೊಂಚ ವಿವರಿಸಬೇಕು. ಬೆಂದ ಭತ್ತವನ್ನು ಬೆಳಿಗ್ಗೆ ಕಣದ ತುಂಬ ಹರಡುತ್ತಾರೆ. ನನ್ನ ಚಿಕ್ಕಮ್ಮ ಸಾಕಮ್ಮ ಮತ್ತು ಜೊತೆಯ ಹೆಂಗಸರು ಬಿಸಿಲಿನಲ್ಲಿ ಬರಿಗಾಲನ್ನು ಎಳೆದೆಳೆದು ಅದರೊಳಗೆ ನಡೆಯುತ್ತಾರೆ. ಕಾಲಿನ ಹಿಂದೆ ಸಾಲು ಬೀಳುತ್ತದೆ, ಅಡಿಯ ಕಾಳು ಮೇಲಾಗುತ್ತದೆ. ಸಂಜೆಗೆ ಮರದ ಹಲಗೆಗಳಿಂದ ಎಲ್ಲವನ್ನೂ ನಡುವಿಗೆ ತಳ್ಳಿ ರಾಶಿ ಹಾಕಿ ಟಾರ್ಪಾಲು ಹೊದಿಸುತ್ತಾರೆ. ಕಣದ ನಡು ಸ್ವಲ್ಪ ಉಬ್ಬಿರುತ್ತದೆ. ಮಳೆ ಬಂದರೆ ನೀರು ಅಂಚಿಗೆ ಹರಿದು ರಾಶಿ ಒಣಗಿ ಉಳಿಯಲಿ ಎಂದು. ಹಾಗೆ ರಾಶಿ ಎದ್ದ ಮೇಲೆ ಸುತ್ತ ಉಳಿಯುವ ಬಳೆಯಂಥ ಜಾಗವೇ ಮಕ್ಕಳ ಆಟದ ಬಯಲು. ಅದಕ್ಕೊಂದು ಕಟ್ಟಳೆಯಿತ್ತು. ಬರಿಗಾಲಾದರೆ ರಾಶಿ ತುಳಿಯಬಹುದು, ಅದು ಕೆಲಸ. ಮೆಟ್ಟು ಹಾಕಿ ತುಳಿಯಬಾರದು, ಚಕ್ರವಂತೂ ತಾಕಲೇಬಾರದು. ಒಮ್ಮೆ ಹೈಸ್ಕೂಲಿನ ದಿನಗಳಲ್ಲಿ ಪಲ್ಲವಿ ಆಯತಪ್ಪಿ ರಾಶಿಯೊಳಕ್ಕೆ ನುಗ್ಗಿದಾಗ ಚಿಕ್ಕಮ್ಮ ಅವಳ ಬೂಟು ಬಿಚ್ಚಿಸಿ, ಕಾಲು ತೊಳೆಸಿ, ರಾಶಿಗೆ ಅಡ್ಡಬೀಳಿಸಿದ್ದರು. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಕಟ್ಟಳೆ ಎಂದು ಕರೆಯುವುದೂ ಇಲ್ಲ. ಅನ್ನವನ್ನು ತುಳಿಯಬಾರದು, ಅಷ್ಟೇ.

ಬೇಸಿಗೆ ಬೆಳೆಯ ಭತ್ತ ಗಿರಣಿಗೆ ಬಂದು ಬೀಳುತ್ತಿದ್ದ ಕಾಲ. ಒಂದು ಮಧ್ಯಾಹ್ನ ಮೋಡ ಎದ್ದಿತು. "ಎತ್ರಮ್ಮೀ, ಎತ್ರಮ್ಮೀ" ಎಂಬ ಕೂಗಿಗೆ ಹೆಂಗಸರೆಲ್ಲ ಓಡಿ, ಗೋದಾಮು ಆ ದಿನ ಖಾಲಿಯಿದ್ದುದರಿಂದ, ಹರಡಿದ್ದ ಭತ್ತವನ್ನೆಲ್ಲ ಒಳಗೆ ಸಾಗಿಸಿದರು. ಮಳೆ ನಾಲ್ಕು ಹನಿ ಚೆಲ್ಲಿ ಚಾಮರಾಜನಗರದ ಕಡೆ ಹೋಯಿತು. ಕಣ ಪೂರ್ತಿ ಖಾಲಿ. ಪಲ್ಲವಿ ಚಕ್ರದ ಬೂಟು ಕಟ್ಟಿಕೊಂಡು ಕೋಲು, ಚೆಂಡು ಹಿಡಿದು ಇಳಿದಳು. ಹೆಂಗಸರು ಗೋದಾಮಿನ ಮೆಟ್ಟಿಲ ಮೇಲೆ ಎಲೆ ಅಡಿಕೆ ಹಾಕುತ್ತ ನೋಡುತ್ತಿದ್ದರು. ಅವಳು ಎಡಗೋಡೆಯ ಅಂಚಿನಲ್ಲಿ ಬಾಣದಂತೆ ಬಂದಳು. ಎದುರು ಗೋಡೆಗೆ ನಾನು ಸುಣ್ಣದಲ್ಲಿ ಬರೆದಿದ್ದ ಗೋಲಿನ ಕಡೆ ತಿರುಗಬೇಕಾದಲ್ಲಿ ದೊಡ್ಡದೊಂದು ಕಮಾನು ಹಾಕಿ ಆಚೆ ಹೋದಳು. ಮತ್ತೊಮ್ಮೆ ಬಂದಳು. ಮತ್ತೆ ಅದೇ ಕಮಾನು.

ಹೆಂಗಸರಲ್ಲಿ ಬಾಯಿ ಜೋರಿನವಳು ಮಾದೇವಮ್ಮ. ಅವಳು ಎಲೆಯ ರಸ ಉಗಿದು ಕೂಗಿದಳು: "ಲೇ ಅಮ್ಮಿ, ರಾಶಿ ಒಳಗೋಯ್ತು ಕಣೇ! ಯಾವ ದೇವ್ರಿಗೆ ಸುತ್ತು ಬತ್ತಿದ್ದೀಯೇ?"

ಎಲ್ಲರೂ ನಕ್ಕರು. ಪಲ್ಲವಿಯೂ ನಗುತ್ತ ಇನ್ನೊಂದು ಸುತ್ತು ಹೊರಟವಳು ನಡುದಾರಿಯಲ್ಲಿ ನಿಂತುಬಿಟ್ಟಳು. ಕಣದ ನಡುವನ್ನು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಒದ್ದೆ ಸಿಮೆಂಟು, ಎರಡು ಗುಬ್ಬಚ್ಚಿ. ಆಗ ನನಗೆ ಹೊಳೆಯಿತು. ಮಧ್ಯ ಏಷ್ಯಾದ ಆ ಮಂಜಿನ ಅಂಗಳದಲ್ಲಿ, ಸಾವಿರಾರು ಮೈಲಿ ದೂರದಲ್ಲಿ, ಅವಳು ಬಳಸಿಕೊಂಡು ಹೋಗುತ್ತಿದ್ದದ್ದು ಈ ರಾಶಿಯನ್ನು. ತರಬೇತುದಾರ್ತಿ ಭಯವೆಂದು ಓದಿದ್ದು ಭಯವಾಗಿರಲಿಲ್ಲ. ಅವಳ ತಲೆ ಮರೆತಿದ್ದನ್ನು ಅವಳ ಕಾಲು ಮರೆತಿರಲಿಲ್ಲ.

ಗೊತ್ತಾದ ಮೇಲೆ ಸರಿಯಾಗಬೇಕಲ್ಲವೇ? ಆಗಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಆ ಸಂಜೆ ಅವಳು ಎಷ್ಟೋ ಸಲ ನಡುವಿನ ಕಡೆ ನೇರ ಬಂದಳು. ಪ್ರತಿ ಸಲವೂ ಕೊನೆಯ ಗಳಿಗೆಯಲ್ಲಿ ಮೊಣಕಾಲು ತಾನೇ ಹೊರಳುತ್ತಿತ್ತು. ಚಿಕ್ಕಮ್ಮ ಕೈಯಲ್ಲೊಂದು ಮೊರ ಹಿಡಿದು ನಡುವೆ ಹೋಗಿ ನಿಂತರು. "ನನ್ ತಾವ ಬಾ, ನೋಡ್ತೀನಿ. ನಾನೇ ಗೋಲು." ಮಗಳು ಬಂದಳು, ಹೊರಳಿದಳು. ಚಿಕ್ಕಮ್ಮನ ಮುಖ ಸಣ್ಣದಾಯಿತು. "ನಾನೇ ಅಲ್ವಾ ಕೂಸೇ ಕಟ್ಟಾಕಿರೋದು ನಿನ್ನ? ಅವತ್ತು ಅಡ್ಡಬೀಳಿಸಿದ್ದು ನಾನೇ."

ಇಲ್ಲಿ ನನ್ನಂಥ ಓದಿದವರಿಗೆ ಸುಲಭದ ದಾರಿಯೊಂದಿತ್ತು. ಸಂಪ್ರದಾಯ ಹೆಣ್ಣಿನ ಕಾಲು ಕಟ್ಟಿತು ಎಂದು ಒಂದು ಲೇಖನ ಬರೆದು ಚಿಕ್ಕಮ್ಮನನ್ನು ಆರೋಪಿಯ ಜಾಗದಲ್ಲಿ ನಿಲ್ಲಿಸಬಹುದಿತ್ತು. ಆದರೆ ಲೆಕ್ಕ ಹಾಗೆ ಕೂಡುವುದಿಲ್ಲ. ಅನ್ನ ದುಡಿಯುವ ನೆಲದಲ್ಲಿ ಅನ್ನಕ್ಕೆ ಮರ್ಯಾದೆ ಕೊಡಿ ಎನ್ನುವುದು ತಪ್ಪಲ್ಲ. ಮಕ್ಕಳು ಅನ್ನ ಒಣಗಿಸುವ ಜಾಗದಲ್ಲಿ ಯಾಕೆ ಆಡಬೇಕಾಯಿತು ಎಂಬುದು ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಬೇರೆ ಇದ್ದರು.

ಯಾಕೆಂದರೆ ಜಾಗ ಇತ್ತು. ಆ ಸೀಮೆಯ ಒಂದು ಊರಿನಲ್ಲಿ ಸಾರ್ವಜನಿಕರ ಹಣದಲ್ಲೇ ಕಟ್ಟಿದ ಸ್ಕೇಟಿಂಗ್ ಅಂಗಳವಿದೆ. ಮೇಲೆ ಛಾವಣಿ, ಕೆಳಗೆ ಗಾಜಿನಂಥ ನೆಲ. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೊಂದೇ ಊರಿನ ತಪ್ಪೆಂದು ಉಳಿದ ಊರಿನವರು ನಿರಾಳವಾಗಿಬಿಡುತ್ತಾರೆ. ಕಟ್ಟಿದಾಗಿನಿಂದ ಅದಕ್ಕೆ ಬೀಗ. ಕಿಟಕಿಯಿಂದ ಇಣುಕಿದರೆ ಒಳಗೆ, ಕಳ್ಳ ಮರಳು ಸಾಗಿಸುವಾಗ ಹಿಡಿದ ಟ್ರಾಕ್ಟರುಗಳು ಸಾಲಾಗಿ ನಿಂತಿದ್ದವು. ಮರುದಿನವೇ ನಾವಿಬ್ಬರೂ ಅದರ ಉಸ್ತುವಾರಿ ಸಮಿತಿಯ ಕಾರ್ಯದರ್ಶಿಯ ಎದುರು ಕುಳಿತಿದ್ದೆವು.

"ಕೇಸ್ ಮುಗಿಯೋಗಂಟ ಎಲ್ಲಾದ್ರೂ ಇಕ್ಬೇಕಲ್ಲಮ್ಮ," ಎಂದರು ಅವರು. "ಬಯಲಲ್ಲಿಟ್ರೆ ಟೈರ್ ಬಿಚ್ಕೊಂಡೋಯ್ತಾರೆ."

"ಟೈರಿಗೆ ಛಾವಣಿ ಬೇಕು, ಮಕ್ಕಳಿಗೆ ಬೇಡವೇ ಸರ್?" ಎಂದೆ.

"ಯಾವ ಆಟ ಅಂದ್ರಿ? ಐಸ್ ಹಾಕಿ?" ಅವರು ಪಕ್ಕದವನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ಅಂಗಾರೆ ಮೊದ್ಲು ಐಸ್ ತಕಬನ್ನಿ. ಆಮೇಲೆ ಕೀಲಿ ವಿಚಾರ ಮಾತಾಡವಾ."

ಪಲ್ಲವಿ ನನ್ನ ಕೈ ಅದುಮಿ, ಮೆಲ್ಲಗೆ ಕೇಳಿದಳು: "ಸಾ, ಬರೀ ನೆಲ ಸಾಕು. ಮಳೆಗಾಲ ಕಳೆಯೋಗಂಟ, ಬೆಳಗ್ಗೆ ಒಂದೊಂದು ಗಂಟೆ. ಟ್ರಾಕ್ಟರ್ ಒಂದು ಪಕ್ಕಕ್ಕೆ ತಳ್ಕೊಡಿ."

"ನನ್ ಕೈಲಿ ಏನೈತವ್ವ? ಕೀಲಿ ಅಧ್ಯಕ್ಷರತ್ರ ಐತೆ."

ಅಧ್ಯಕ್ಷರು ತಮ್ಮ ಮನೆಯ ಜಗುಲಿಯಲ್ಲಿ ಕಾಫಿ ಕೊಡಿಸಿ, ಊರಿಗೆ ಕೀರ್ತಿ ತಂದವಳೆಂದು ಪಲ್ಲವಿಯ ಜೊತೆ ಫೋಟೋ ತೆಗೆಸಿಕೊಂಡು, ಕೀಲಿ ಕಾರ್ಯದರ್ಶಿಯ ಬಳಿಯಿದೆ ಎಂದರು. ನಾವು ಮತ್ತೆ ಹೋದೆವು, ಮತ್ತೆ ಕಳಿಸಿದರು. ಯಾರು ಹೊಣೆ ಎಂದು ನಾನು ಎಷ್ಟು ಜೋರಾಗಿ ಕೇಳಿದೆನೋ ಅಷ್ಟು ವಿನಯದಿಂದ ಅವರು ಇನ್ನೊಬ್ಬರ ಮನೆಯ ದಾರಿ ತೋರಿಸಿದರು. ಅಧಿಕಾರಕ್ಕೆ ಸಿಟ್ಟು ಬರುವುದಿಲ್ಲವೆಂಬುದನ್ನು ನಾನು ಕಲಿತದ್ದು ಆ ಜಗುಲಿಗಳಲ್ಲಿ.

ಕೊನೆಗೆ ಕಣಕ್ಕೇ ಮರಳಿದೆವು. ಅಂದು ಚಿಕ್ಕಮ್ಮ ಕೆಲಸ ಮುಗಿಯುವ ಹೊತ್ತಿಗೆ ಹೆಂಗಸರನ್ನು ಕರೆದು ಏನೋ ಪಿಸುಗುಟ್ಟಿದರು. ಎಂದಿನಂತೆ ನಡುವಿಗೆ ತಳ್ಳಬೇಕಾದ ಭತ್ತವನ್ನು ಅವರೆಲ್ಲ ಪಡುವಣ ಗೋಡೆಯ ಬುಡಕ್ಕೆ ತಳ್ಳತೊಡಗಿದರು. ಎಲ್ಲರ ಬದುಕಿನಲ್ಲಿ ಮೊದಲ ಸಲ ರಾಶಿ ಅಂಚಿಗೆ ಹೋಯಿತು.

"ಸಾಕಮ್ಮಕ್ಕ, ಮಳೆ ಬಂದ್ರೆ ನೀರು ಇತ್ಲಾಗೇ ಕಣೇ ಅರಿಯೋದು," ಎಂದಳು ಮಾದೇವಮ್ಮ.

"ಬಂದ್ರೆ ಎತ್ತವಾ. ಕೈಯಿಲ್ವಾ ನಮ್ಗೆ?"

"ಯಜಮಾನ್ರು ಕಂಡ್ರೆ?"

"ಕಂಡ್ರೆ ನನ್ನೆಸ್ರು ಏಳು. ನಿನ್ ಬಾಯಿ ಅದುಕ್ಕಾದ್ರೂ ಆಗ್ಲಿ."

ಹೀಗೆ ನಡು ಖಾಲಿಯಾಯಿತು. ಪಲ್ಲವಿ ದಿನವೂ ಸಂಜೆ ಆ ಖಾಲಿಯೊಡನೆ ಸೆಣಸಿದಳು. ಬರಿಗಾಲಲ್ಲಿ ನಡೆದು ದಾಟಿದಳು. ಬೂಟು ಹಾಕಿ ನಿಧಾನ ದಾಟಿದಳು. ವೇಗ ಬಂದೊಡನೆ ಮತ್ತೆ ಹೊರಳಿದಳು. ಶಿಬಿರ ಹತ್ತಿರವಾಗುತ್ತಿತ್ತು. ಮುಂಗಾರು ಕೇರಳಕ್ಕೆ ಬಂತೆಂದು ರೇಡಿಯೋ ಹೇಳಿತು.

ಆ ಮಳೆ ಬಂದದ್ದು ಹೊತ್ತು ಮುಳುಗುವ ಮೊದಲು. ನಂಜನಗೂಡಿನ ಕಡೆಯಿಂದ ಗಾಳಿ ಹೊಟ್ಟಿನ ಗುಡ್ಡೆಯನ್ನೇ ಎತ್ತಿಕೊಂಡು ಬಂತು. ಅದರ ಬೆನ್ನಿಗೇ ದಪ್ಪ ಹನಿ. ಹೆಂಗಸರು ಟಾರ್ಪಾಲಿನ ಅಂಚು ಹಿಡಿದು ರಾಶಿಯ ಮೇಲೆ ಬಿದ್ದರೂ ಗಾಳಿ ಅದನ್ನು ಕಿತ್ತುಕೊಂಡು ಹೋಗಿ ಕಣದ ಮೂಡಣ ತುದಿಗೆ ಎಸೆಯಿತು. ಉಬ್ಬಿದ ನಡುವಿನಿಂದ ನೀರು ಇಳಿದು ಪಡುವಣ ಗೋಡೆಗೆ ಬಂದು ರಾಶಿಯ ಬುಡ ಕೊರೆಯತೊಡಗಿತು. ಕಾಳು ನೀರಿನಲ್ಲಿ ತೇಲಿ ಚರಂಡಿಯ ಬಾಯಿಗೆ ಹರಿಯುವುದು ನನಗೆ ಕಾಣುತ್ತಿತ್ತು. ಗೋಣಿಚೀಲ ಅಡ್ಡವಿಡಲು ನಾನು ಓಡಿ, ಜಾರಿ ಬಿದ್ದೆ.

ಪಲ್ಲವಿ ಮೂಡಣ ತುದಿಯಲ್ಲಿದ್ದಳು, ಚಕ್ರದ ಬೂಟಿನಲ್ಲಿ. ಬಿಚ್ಚಲು ಹೊತ್ತಿರಲಿಲ್ಲ. ಕೋಲು ಎಸೆದು, ಒದ್ದೆಯಾಗಿ ಹೆಣದಂತೆ ಭಾರವಾಗಿದ್ದ ಟಾರ್ಪಾಲಿನ ತುದಿಯನ್ನು ಹೆಗಲಿಗೆ ಸುತ್ತಿಕೊಂಡಳು.

"ಕೂಸೇ, ನುಗ್ಗು!" ಚಿಕ್ಕಮ್ಮನ ಗಂಟಲು ಮಳೆಯನ್ನು ಸೀಳಿ ಬಂತು. "ಸುತ್ತಾಕ್ಬೇಡ, ನುಗ್ಗೇ!"

ಅವಳು ನುಗ್ಗಿದಳು. ಮೊದಲು ಬಗ್ಗಿ ಎಳೆದಳು, ಆಮೇಲೆ ಚಕ್ರ ಹಿಡಿತ ಕಂಡಿತು, ಕಣದ ನೆತ್ತಿಯನ್ನು ನಟ್ಟನಡುವೆ ಸೀಳಿಕೊಂಡು, ಹಿಂದೆ ಟಾರ್ಪಾಲು ಹಾವಿನಂತೆ ಹೊರಳುತ್ತಿರಲು, ನೇರ ಬಂದಳು. ಇಳಿಜಾರಿನಲ್ಲಿ ನಿಲ್ಲಲಾಗದೆ ಚೆಲ್ಲಿದ್ದ ಕಾಳಿನ ಮೇಲೆಯೇ ಚಕ್ರ ಹಾಯಿಸಿ ರಾಶಿಯೊಳಕ್ಕೆ ಎದೆಯವರೆಗೂ ಹೊಕ್ಕಳು. ಕೈಗಳೆಲ್ಲ ಟಾರ್ಪಾಲಿಗೆ ಬಿದ್ದವು. ಅಂಚುಗಳ ಮೇಲೆ ಕಲ್ಲು ಹೇರಿ, ಕಲ್ಲು ಸಾಲದ ಕಡೆ ನಾವೇ ಕುಳಿತೆವು.

ಮಳೆ ಸಣ್ಣಗಾದಾಗ ಪಲ್ಲವಿ ತನ್ನ ಬೂಟಿನ ಕಡೆ ನೋಡಿದಳು. ಚಕ್ರಗಳ ಸಂದಿಯಲ್ಲೆಲ್ಲ ಭತ್ತ. ತಾಯಿಯ ಮುಖ ನೋಡಲಾರದೆ, ಬಿಚ್ಚಲೆಂದು ಅವಸರದಿಂದ ದಾರಕ್ಕೆ ಕೈಹಾಕಿದಳು. ಚಿಕ್ಕಮ್ಮ ಆ ಕೈ ಹಿಡಿದರು.

"ಬುಡು. ಕಾಯಕ್ಕೆ ಬಂದ ಕಾಲು ಯಾವ್ದು, ತುಳಿಯಕ್ಕೆ ಬಂದ ಕಾಲು ಯಾವ್ದು ಅಂತ ಅನ್ನಕ್ಕೆ ಗೊತ್ತಾಯ್ತದೆ."

ಅಷ್ಟರಲ್ಲಿ ಮಾದೇವಮ್ಮ, ಮೈಯೆಲ್ಲ ನೀರು ಸುರಿಸುತ್ತ, "ಅಮ್ಮಿ, ನಡು ದಾಟಿದ್ಯಲ್ಲೇ!" ಎಂದಳು. ಆಗಲೇ ಪಲ್ಲವಿಗೆ ಗೊತ್ತಾದದ್ದು. ಹಿಂದಿರುಗಿ ಕಣದ ನೆತ್ತಿಯನ್ನು ನೋಡಿದಳು. ನಗಬೇಕೋ ಅಳಬೇಕೋ ತಿಳಿಯದವಳ ಹಾಗೆ ಬಾಯಿ ತೆರೆದಳು. ಮುರಿದ ಹಲ್ಲಿನ ಸಂದಿಯಲ್ಲಿ ಮಳೆನೀರು ಹೋಯಿತು.

ರಾಶಿಯ ಬುಡದ ಭತ್ತ ಕೆಟ್ಟಿತು. ಗಿರಣಿಯ ಯಜಮಾನರು ಮರುದಿನ ಕೂಗಾಡಿದರು; ಹೆಂಗಸರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕಾರ್ಯದರ್ಶಿಯ ಮೇಲಾಗಲೀ ಅಧ್ಯಕ್ಷರ ಮೇಲಾಗಲೀ ಯಾರೂ ಕೂಗಾಡಲಿಲ್ಲ. ಅವರ ಅಂಗಳದಲ್ಲಿ ಟ್ರಾಕ್ಟರುಗಳ ಮೇಲೆ ಆ ಸಂಜೆ ಒಂದು ಹನಿಯೂ ಬಿದ್ದಿರಲಿಲ್ಲ. ಒಂದು ಬಾಗಿಲು ತೆರೆಯಲಾರದವರ ಹೊಣೆಯನ್ನು ದಿನಗೂಲಿಯ ಹೆಂಗಸರು ಬೆನ್ನ ಮೇಲೆ ಹೊತ್ತರು. ಈ ಬರಹದಲ್ಲಿ ನಾನು ಎಷ್ಟೇ ತಾಳ್ಮೆಯಿಂದ ಇರಬೇಕೆಂದುಕೊಂಡರೂ ಈ ಒಂದು ವಾಕ್ಯಕ್ಕೆ ಬಂದಾಗ ತಾಳ್ಮೆ ಉಳಿಯುವುದಿಲ್ಲ.

ಮಳೆಗಾಲದ ಕೊನೆಗೆ ಪಲ್ಲವಿ ಶಿಬಿರಕ್ಕೆ ಹೋದಳು. ಅಲ್ಲಿಂದ ಬಂದ ಮೊದಲ ವಿಡಿಯೋವನ್ನು ನಾವು ಗಿರಣಿಯ ಮೆಟ್ಟಿಲ ಮೇಲೆ, ಒಂದೇ ಫೋನಿಗೆ ಎಲ್ಲರೂ ತಲೆ ತೂರಿಸಿ ನೋಡಿದೆವು. ಅವಳು ಗೋಡೆಯಂಚಿನಲ್ಲಿ ಬಂದು, ಅಂಚು ಬಿಟ್ಟು, ನೇರ ನಡುವಿಗೆ ನುಗ್ಗಿದಳು. ಅಲ್ಲಿದ್ದ ಎತ್ತರದ ಹುಡುಗಿಯೊಬ್ಬಳು ಡಿಕ್ಕಿ ಹೊಡೆದು ಅವಳನ್ನು ಅಂಗಾತ ಮಲಗಿಸಿದಳು. ಬಿಲ್ಲೆ ಬೇರೆಯವರ ಪಾಲಾಯಿತು.

"ಅಯ್ಯೋ, ಬಿದ್ದೋದ್ಲು," ಎಂದಳು ಮಾದೇವಮ್ಮ.

"ಬಿದ್ರೆ ಬೀಳ್ಳಿ," ಎಂದರು ಚಿಕ್ಕಮ್ಮ, ಕಣ್ಣು ತೆಗೆಯದೆ. "ನಡುವೆ ಬಿದ್ದವ್ಳೆ."

ಕ್ಲಬ್ಬು ಅವಳನ್ನು ಉಳಿಸಿಕೊಂಡ ಸುದ್ದಿ ಆಮೇಲೆ ಬಂತು. ಈಗಲೂ ಅವಳು ಅಲ್ಲೇ ಆಡುತ್ತಿದ್ದಾಳೆ. ಗೋಲು ಹೊಡೆಯುವುದು ಅಪರೂಪವೇ. ಒತ್ತಡ ಹೆಚ್ಚಾದಾಗ ಈಗಲೂ ಒಮ್ಮೊಮ್ಮೆ ಕಾಲು ಹೊರಳುತ್ತದಂತೆ. ಹೊರಳಿದಾಗಲೆಲ್ಲ ಅವಳ ಜೊತೆಯ ಆಟಗಾರ್ತಿಯರು ಅವರ ಭಾಷೆಯ ಉಚ್ಚಾರದಲ್ಲಿ "ರಾಶಿ! ರಾಶಿ!" ಎಂದು ಕೂಗುತ್ತಾರಂತೆ. ಅವಳೇ ಕಲಿಸಿಕೊಟ್ಟದ್ದು.

ಕಳೆದ ವಾರ ಬಸ್ಸಿಳಿದು ಗಿರಣಿಯ ಗೇಟು ದಾಟುವಾಗ ಇಷ್ಟೂ ನನ್ನ ಜೊತೆ ನಡೆದು ಬಂತು. ಸಂಜೆಯ ಹೊತ್ತು. ಹೆಂಗಸರು ಹಲಗೆ ಹಿಡಿದು ಭತ್ತ ತಳ್ಳುತ್ತಿದ್ದರು. ರಾಶಿ ಮತ್ತೆ ನಡುವಿಗೇ ಬಂದಿತ್ತು. ಬರಲೇಬೇಕು, ಒಣಗಿರುವ ನೆಲ ಅದೊಂದೇ. ಆದರೆ ಅದು ನಾನು ಹಿಂದೆ ಕಂಡಿದ್ದಂತೆ ಒಂದೇ ದೊಡ್ಡ ರಾಶಿಯಾಗಿರಲಿಲ್ಲ. ಅದೇ ನೆತ್ತಿಯ ಮೇಲೆ ಎರಡು ರಾಶಿ, ನಡುವೆ ಗುಡಿಸಿ ಚೊಕ್ಕಟ ಮಾಡಿದ ಒಂದು ಓಣಿ. ಕಾಳೊಂದೂ ಅದರಲ್ಲಿ ಉಳಿಯದಂತೆ ಮಾದೇವಮ್ಮ ಬಗ್ಗಿ ಪೊರಕೆಯಾಡಿಸುತ್ತಿದ್ದಳು. ಚಕ್ರದ ಬೂಟಿನ ಇಬ್ಬರು ಹುಡುಗಿಯರು ಗೋಡೆಯಂಚಿನಲ್ಲಿ ಬಂದು, ತಿರುಗಿ, ಆ ಓಣಿಯೊಳಗೆ ನುಗ್ಗಿ ಆಚೆ ಹೊರಬಿದ್ದರು.

"ಯಾವಾಗಿಂದ ಹೀಗೆ ಚಿಕ್ಕಮ್ಮ?" ಎಂದೆ.

"ಆ ಮಳೆ ಬಂದ ಮುಂದಿನ್ ವರ್ಸದಿಂದ ಇಂಗೇಯ. ಒಂದು ಆಕೋ ಕಡೆ ಎರಡು ಆಕುದ್ರೆ ಏನೋಯ್ತದೆ? ಮೊದ್ಲೇ ಹೊಳೀನಿಲ್ಲ ನಮ್ಗೆ." ಅವರು ಟಾರ್ಪಾಲಿನ ಮೇಲೆ ಕಲ್ಲಿಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡರು. "ನೀನೇನು ಇತ್ಲಾಗೆ ಬಂದೆ ಕೂಸೇ?"

ಸ್ಕೇಟಿಂಗ್ ಅಂಗಳದ ಬೀಗದ ವಿಚಾರ ಕೇಳಲು ಮತ್ತೆ ಸಮಿತಿಯವರ ಬಳಿ ಹೋಗುತ್ತಿದ್ದೇನೆ, ಹೋದ ಸಲ ಕೀಲಿ ಇನ್ನೊಬ್ಬರ ಹತ್ತಿರ ಇದೆ ಎಂದಿದ್ದರು, ಆ ಇನ್ನೊಬ್ಬರು ಮತ್ತೊಬ್ಬರ ಹೆಸರು ಹೇಳಿದ್ದಾರೆ ಎಂದೆ.

ಚಿಕ್ಕಮ್ಮ ಓಣಿಯ ಕಡೆ ನೋಡುತ್ತ, ನಿಜವಾಗಿಯೂ ತಿಳಿಯಬೇಕೆಂಬ ದನಿಯಲ್ಲಿ ಕೇಳಿದರು:

"ಅವ್ರಿನ್ನೂ ಸುತ್ತು ಬತ್ತಾನೇ ಅವ್ರಾ?"